ಓನರ ಕೊಳೆತ ದೋಣಿ

ಅಟ್ಟೂರಿನ ತಿರುವಿನಲ್ಲಿ ನಮ್ಮ ಓನರ ಫ್ಲೆಕ್ಸ್ ಕಟ್ಟಿದ್ದಾರೆ. ಆಳೆತ್ತರದ ಭಾವಪೂರ್ಣ ಶ್ರದ್ಧಾಂಜಲಿ. ಇದ್ದಿಲಿನಂತೆ ಕಪ್ಪಗಿದ್ದ ಮನುಷ್ಯನನ್ನು ಗೋಧಿಹಿಟ್ಟಿನ ಬಣ್ಣಕ್ಕೆ ತಂದಿದ್ದಾರೆ. ಹಿಂದೆ ಆಕಾಶದಂಥ ನೀಲಿ ಕೆರೆ, ಅದರಲ್ಲಿ ಎಲ್ಲಿಂದಲೋ ಬಂದ ಜೋಡಿ ಹಂಸ, ಅಂಚಿನಲ್ಲಿ ಒಂದು ದೋಣಿ. ಕೆಳಗೆ ‘ಕೆರೆಪ್ರೇಮಿ, ಜಲರಕ್ಷಕ, ಬಡವರ ಬಂಧು’ ಎಂದು ಬರೆಸಿದ್ದಾರೆ. ಅದಕ್ಕೂ ಕೆಳಗೆ ದುಃಖತಪ್ತರ ಮುಖಗಳು, ಒಂದೊಂದೂ ಸತ್ತವರ ಮುಖಕ್ಕಿಂತ ದೊಡ್ಡದು, ಕೆಲವಕ್ಕೆ ಕಪ್ಪು ಕನ್ನಡಕ. ಬಸ್ಸಿಗೆ ಕಾಯುತ್ತಾ ಅದನ್ನು ನೋಡುತ್ತಿದ್ದವಳು ಮುಖ ತಿರುಗಿಸಿಕೊಂಡೆ. ಹೊಗಳಿಕೆಗೂ ಒಂದು ಕೊಳಕು ಇರುತ್ತದೆ.

ನಾನು ಹಲ್ಲಿನ ಡಾಕ್ಟರು. ಅವರ ಕಟ್ಟಡದ ನೆಲಮಹಡಿಯಲ್ಲಿ ನನ್ನ ಕ್ಲಿನಿಕ್ ಬಹಳ ವರ್ಷ ಇತ್ತು. ಆ ಬೀದಿಯ ಅರ್ಧ ಕಟ್ಟಡಗಳು ಅವರವೇ ಆದ್ದರಿಂದ ಬಾಡಿಗೆಗೆ ಇಲ್ಲದವರೂ ಅವರನ್ನು ಓನರು ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಹಳೇ ಊರಿನ ಮನೆತನ. ಕೆರೆಯ ಪಕ್ಕದಲ್ಲಿ ರಾಗಿ ಹೊಲ, ದ್ರಾಕ್ಷಿ ತೋಟ ಇತ್ತಂತೆ. ಅವೆಲ್ಲ ಲೇಔಟ್ ಆದವು. ಹೊಲ ಮುಗಿದ ಮೇಲೆ ಕೆರೆಯಂಚಿನ ಜೌಗಿಗೂ ಮಣ್ಣು ತುಂಬಿಸಿ ಸೈಟು ಮಾಡಿದರು. ಇದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. ಬನಿಯನ್ನಿನೊಳಗೆ ಕೈ ಬಿಟ್ಟು ಹೊಟ್ಟೆ ಕೆರೆದುಕೊಳ್ಳುತ್ತಾ, “ನಾನ್ ಮಾರಿರೋದು ಭೂಮಿ ಅಲ್ಲ ಡಾಕ್ಟ್ರಮ್ಮ, ಕೆಸರು. ತಗಂಡೋರು ಓದಿದೋರು,” ಎಂದು ನಗುತ್ತಿದ್ದರು. ಆ ನಗು ಕೇಳಿದಾಗಲೆಲ್ಲ ಕೈ ತೊಳೆದುಕೊಳ್ಳಬೇಕೆನಿಸುತ್ತಿತ್ತು.

ಮೊದಲ ಸಲ ನನ್ನ ಕುರ್ಚಿಯಲ್ಲಿ ಕೂತದ್ದು ದವಡೆಹಲ್ಲು ಕೀಳಿಸಲಿಕ್ಕೆ. ಕಿತ್ತ ಹಲ್ಲನ್ನು ತಟ್ಟೆಯಿಂದ ಎತ್ತಿಕೊಂಡು ಮೂಗಿಗೆ ಹಿಡಿದು ಜೋರಾಗಿ ಮೂಸಿದರು. ಬಾಯಲ್ಲಿದ್ದ ಹತ್ತಿಯನ್ನು ಒಂದು ಕಡೆ ಸರಿಸಿ, “ಅಬ್ಬಬ್ಬಾ, ಇದುನ್ನ ಬಾಯಾಗಿಟ್ಕಂಡು ಉಣ್ತಿದ್ನಾ ನಾನು!” ಎಂದರು. ಏನೋ ಬಹುಮಾನ ಬಂದವರ ಸಂತೋಷ ಆ ದನಿಯಲ್ಲಿ. ನನ್ನ ಸಹಾಯಕಿ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು.

ಮೂಸುವುದು ಅವರ ಚಟ. ಹಾಲು, ಸಿಮೆಂಟಿನ ಚೀಲ, ಹೊಸ ಶರಟು, ಬಾಡಿಗೆಗೆ ಬಂದವರ ಅಡುಗೆಮನೆ, ಯಾವುದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಮೆಟ್ಟಿಲು ಹತ್ತುತ್ತಿದ್ದವರು ಮೂಸಿ ನಿಂತು, ಮೇಲಿನ ಮನೆಯ ಗ್ಯಾಸ್ ಸೋರುತ್ತಿದೆ ಎಂದು ಬಾಗಿಲು ಬಡಿದು ಎಲ್ಲರನ್ನೂ ಇಳಿಸಿದ್ದರು. ನಿಜವಾಗಿಯೂ ಸೋರುತ್ತಿತ್ತು. ಅಂಥ ಮೂಗಿಗೆ ಕೆರೆ ಮಾತ್ರ ನಾರುತ್ತಿರಲಿಲ್ಲ. ಸಂಜೆ ಗಾಳಿ ತಿರುಗಿದಾಗ ಕೊಳೆತ ಮೊಟ್ಟೆಯಂಥ ವಾಸನೆ ಬೀದಿಗೆಲ್ಲ ನುಗ್ಗಿ, ನನ್ನ ರೋಗಿಗಳು ಬಾಯಿ ಬಿಟ್ಟುಕೊಂಡೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಓನರು ಮಾತ್ರ ಗೇಟಿನ ಬಳಿ ನಿಂತು, “ಎಲ್ಲಿ? ನಂಗೇನೂ ಬರ್ತಿಲ್ವಲ್ಲ,” ಎನ್ನುತ್ತಿದ್ದರು.

ನನ್ನ ಹಿಂದಿನ ಕಿಟಕಿ ತೆರೆದರೆ ಅವರ ದೋಣಿ. ಊರಾಚೆ ಯಾವುದೋ ಕೆರೆಯ ದೋಣಿವಿಹಾರ ಮುಚ್ಚಿದಾಗ ತಂದು ಹಿತ್ತಿಲಲ್ಲಿ ಕೆಡವಿದ್ದು. ಹೊರಮೈ ಫೈಬರ್‌ಗ್ಲಾಸು, ಒಂದು ಕಾಲಕ್ಕೆ ಹಳದಿ ಇದ್ದಿರಬೇಕು. ಒಳಗೆ ಹಲಗೆಯ ನೆಲ, ಅದರಡಿಗೆ ಮರದ ತೊಲೆಗಳು, ಹಿಂಭಾಗದಲ್ಲಿ ಮೋಟಾರು ಕೂರಿಸುವ ದಪ್ಪ ಹಲಗೆ; ಎಲ್ಲಕ್ಕೂ ಮೇಲೆ ಫೈಬರಿನದೇ ಹೊದಿಕೆ. ಯಾಕೆ ತಂದಿರಿ ಎಂದು ಕೇಳಿದರೆ, “ಸಿಕ್ತು, ತಂದೆ,” ಎನ್ನುತ್ತಿದ್ದರು. ಮಳೆನೀರು ತುಂಬಿ ಅದರಲ್ಲಿ ಸೊಳ್ಳೆಮರಿ ಕುಣಿಯುತ್ತಿದ್ದವು. ಒಂದು ಬೇಸಿಗೆಯಲ್ಲಿ ಹೆಗ್ಗಣ ಸತ್ತು, ನಾನು ಎರಡು ಮಾಸ್ಕ್ ಹಾಕಿಕೊಂಡು ಹಲ್ಲು ಕೊರೆಯಬೇಕಾಯಿತು. ಅವತ್ತು ನೇರ ಹೋಗಿ ಹೇಳಿದೆ.

“ಓನರೇ, ಇಲ್ಲಿ ಆ ದೋಣಿ ಇರ್ಬೇಕು, ಇಲ್ಲಾ ನಾನಿರ್ಬೇಕು.”

“ಎತ್ತಾಕ್ಸ್ತೀನಿ ಬುಡಿ ಡಾಕ್ಟ್ರಮ್ಮ.”

ಎತ್ತಿಹಾಕಿಸಲಿಲ್ಲ. ದೋಣಿಗೆ ಗತಿ ಕಾಣಿಸಲು ಹೊರಟದ್ದು ಅವರ ಮಗ. ಅಪ್ಪನ ವ್ಯವಹಾರ ಈಗ ಮಗನದು. ಕೆರೆಯ ಆ ದಡದಲ್ಲಿ ಅಪಾರ್ಟ್‌ಮೆಂಟು ಕಟ್ಟಿಸುತ್ತಿದ್ದ. ಅದರ ಹೆಬ್ಬಾಗಿಲಲ್ಲಿ ದೋಣಿಯನ್ನು ನಿಲ್ಲಿಸಿ, ಒಳಗೆ ಹೂವಿನ ಕುಂಡ ಜೋಡಿಸಿ, ಬಂದವರು ಸೆಲ್ಫಿ ತೆಗೆದುಕೊಳ್ಳುವಂತೆ ಮಾಡುವುದು ಅವನ ಯೋಜನೆ. ಓನರು ಆಗಲಿ ಎಂದರು. ನಾನೂ ಒಳಗೊಳಗೇ ಖುಷಿಪಟ್ಟೆ. ಹೂವೋ ಬೂದಿಯೋ, ನನ್ನ ಕಿಟಕಿಯಿಂದ ತೊಲಗಿದರೆ ಸಾಕಿತ್ತು.

ಬಣ್ಣ ಬಳಿಯುವವನು ಬಂದ. ನೀರು ಚೆಲ್ಲಿ, ಉಜ್ಜಿ, ಒಳಗೆ ಹತ್ತಿ ನಿಂತ. ನಾನು ರೋಗಿಯೊಬ್ಬರ ಬಾಯಿಗೆ ಸೂಜಿ ಕೊಡುತ್ತಿದ್ದೆ. ಹಿತ್ತಿಲಲ್ಲಿ ಹಪ್ಪಳ ಮುರಿದ ಹಾಗೆ ಸದ್ದಾಯಿತು, ಅದರ ಹಿಂದೆಯೇ ಅವನ ಕಿರುಚು. ಕಾಲು ಮೊಣಕಾಲಿನವರೆಗೆ ದೋಣಿಯ ನೆಲದೊಳಗೆ ಇಳಿದಿತ್ತು. ಎಳೆದುಕೊಂಡಾಗ ಕಪ್ಪಗೆ, ಗಂಜಿಯಂತೆ ಏನೋ ಒಸರಿತು. ಮರವಂತೆ ಅದು! ಮೇಲಿನ ಹೊದಿಕೆಗೆ ಬೊಬ್ಬೆಯೂ ಎದ್ದಿರಲಿಲ್ಲ. ಹಳೇ ಮೊಳೆತೂತುಗಳಿಂದ ಇಳಿದ ನೀರು ಒಳಗೇ ಕೂತು, ತೊಲೆಗಳನ್ನೆಲ್ಲ ತಿಂದು ಮುಗಿಸಿತ್ತು. ವಾಸನೆ ಹೇಗಿತ್ತೆಂದರೆ, ಇಷ್ಟು ವರ್ಷ ಕೊಳೆತ ಬಾಯಿಗಳಲ್ಲಿ ಕೆಲಸ ಮಾಡಿದ ನಾನು ಸಿಂಕಿಗೆ ಓಡಿದೆ.

ಓನರು ಮಾತ್ರ ಮಂಡಿಯೂರಿ ತೂತಿನೊಳಗೆ ಕೈ ಹಾಕಿದರು. ಒಂದು ಹಿಡಿ ತೆಗೆದು ಮೂಸಿದರು. ಬಹಳ ಹೊತ್ತು ಮೂಸಿದರು. ಆಮೇಲೆ ಹಾಗೇ ಮುಷ್ಟಿ ಹಿಡಿದುಕೊಂಡು, ತೊಟ್ಟಿಕ್ಕಿಸುತ್ತಾ, ರೋಗಿಗಳು ಕೂತಿದ್ದ ಕ್ಲಿನಿಕ್ಕಿನೊಳಗೆ ಬಂದರು.

“ಡಾಕ್ಟ್ರಮ್ಮ, ಇಂಗಾಗಿರೋ ದವಡೆ ಅಲ್ಲಿಗೆ ನೀವೇನ್ ಮಾಡ್ತೀರ? ಮ್ಯಾಲೆ ಟೋಪಿ ಆಕಿ ಕಳಿಸ್ತೀರಾ?”

“ಮೊದ್ಲು ಅದನ್ನ ಹೊರಗೆ ತಗೊಂಡ್ಹೋಗಿ.”

“ಏಳಿ ಅಂದ್ರೆ.”

“ಕೊಳೆತದ್ದನ್ನೆಲ್ಲ ಕೆರೆದು ತೆಗೀಬೇಕು. ಅದನ್ನ ಬಿಟ್ಟು ಕ್ಯಾಪ್ ಹಾಕಿದ್ರೆ ಒಳಗೇ ಕೀವಾಗುತ್ತೆ. ಉಳಿಸೋಕೆ ಏನೂ ಇಲ್ದೇ ಹೋದ್ರೆ ಕಿತ್ತು ಬಿಸಾಕ್ತೀವಿ. ಈಗ ಹೋಗಿ, ಪ್ಲೀಸ್.”

ಹೋದರು. ನೆಲವನ್ನು ನಾನು ಎರಡು ಸಲ ಫಿನಾಯಿಲ್ ಹಾಕಿ ಒರೆಸಿಸಿದೆ.

ಸಂಜೆ ಗೇಟಿನ ಮುಂದೆ ಅಪ್ಪ-ಮಗನಿಗೆ ಜಗಳ. ಮಗನಿಗೆ ಇದೊಂದು ಸಮಸ್ಯೆ ಅಂತಲೇ ಅನಿಸಿರಲಿಲ್ಲ.

“ಅಪ್ಪಾ, ಹೂವಿನ ಕುಂಡ ಇಡೋಕೆ ಮರ ಯಾಕೆ ಗಟ್ಟಿ ಇರ್ಬೇಕು? ಮೇಲೊಂದು ಶೀಟ್ ಹಾಕಿ ಪೇಂಟ್ ಹೊಡೆದ್ರೆ ಆಯ್ತು. ಫೋಟೋದಲ್ಲಿ ಒಳಗಡೆ ಯಾರ್ ನೋಡ್ತಾರೆ?”

“ಶೀಟ್ ಆಕಿ ಪೇಂಟ್ ಒಡೆಯೋದು ನಂಗೆ ಏಳ್ಕೊಡ್ತೀಯಾ? ಊರ್ ತುಂಬಾ ಒಡೆದಿವ್ನಿ ನಾನು.”

“ಮತ್ತೆ? ಬಿಸಾಕಿ ಹಾಗಾದ್ರೆ.”

“ಬಿಸಾಕ್ದೆ ಇದ್ರೆ?”

“ರಿಪೇರಿ ಮಾಡ್ಸಿ ಏನ್ ಮಾಡ್ತೀರ? ಆ ಮೋರಿ ನೀರಲ್ಲಿ ಬೋಟಿಂಗ್ ಹೋಗ್ತೀರಾ? ಥೂ, ಜನ ನಗ್ತಾರೆ ಅಪ್ಪಾ.”

ಮಗನ ಮಾತು ಸರಿ ಅಂತಲೇ ನನಗೂ ಅನಿಸಿತ್ತು. ಕೆರೆ ತುಂಬ ಜೊಂಡು, ನೊರೆ, ಚಪ್ಪಲಿ, ಗಣಪತಿ ಮೂರ್ತಿಯ ಕೈಕಾಲು. ಅದರಲ್ಲಿ ದೋಣಿ ಬಿಡುವುದೆಂದರೆ ಕಕ್ಕಸಿನಲ್ಲಿ ತಟ್ಟೆ ಇಟ್ಟುಕೊಂಡು ಊಟ ಮಾಡಿದ ಹಾಗೆ. ಓನರಿಗೂ ಇದು ಗೊತ್ತಿತ್ತು. ಕೆಲವು ದಿನ ದೋಣಿಯ ಸುತ್ತ ಸುಮ್ಮನೆ ತಿರುಗಿದರು. ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದರು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತಿತ್ತು, ಕೊಳೆತಲ್ಲಿ ಒದ್ದೆ ಮೂಟೆಯ ಹಾಗೆ ದಬ್. ನನಗೆ ಒಳಗೆ ಕೂತೇ ಕೇಳುತ್ತಿತ್ತು: ದಬ್, ದಬ್, ದಬ್, ಎಲ್ಲೋ ಒಂದು ಟಣ್.

ಯಶವಂತಪುರದ ಕಡೆಯಿಂದ ಫೈಬರ್ ಟ್ಯಾಂಕ್ ರಿಪೇರಿ ಮಾಡುವವನೊಬ್ಬನನ್ನು ಕರೆಸಿದರು. ಅವನು ಜೇಬಿನಿಂದ ಕೈಯನ್ನೇ ತೆಗೆಯದೆ ಒಂದು ಸುತ್ತು ನೋಡಿದ. “ಶೆಲ್ ಚೆನ್ನಾಗಿದೆ ಯಜಮಾನ್ರೇ. ಒಳಗಡೆ ಪುಟ್ಟಿ ತುಂಬಿ ಮೇಲೊಂದು ಕೋಟ್ ಎಳೆದುಬಿಡೋಣ. ದೇವ್ರಾಣೆ, ನಿಮ್ಗೇ ಗೊತ್ತಾಗಲ್ಲ,” ಎಂದ.

“ನೀರಿಗೆ ಗೊತ್ತಾಗಲ್ವಾ?” ಎಂದರು ಓನರು. ಅವನನ್ನು ಕಳಿಸಿಬಿಟ್ಟರು.

ಆಮೇಲೆ ತಾವೇ ಶುರುಮಾಡಿದರು. ಯಾಕೆ ಎಂದು ನನಗೆ ಆಗ ಅರ್ಥವಾಗಲಿಲ್ಲ. ಅವರಿಗಾದರೂ ಆಗಿತ್ತೋ ಇಲ್ಲವೋ. ಒಬ್ಬ ಬಡಗಿಯನ್ನು ಜೊತೆಗಿಟ್ಟುಕೊಂಡು ನೆಲದ ಹೊದಿಕೆಯನ್ನು ಕೊಯ್ಯಿಸಿದರು. ಒಳಗಿನ ಕೊಳಕನ್ನು ಬಾಂಡಲಿಯಲ್ಲಿ ಬಾಚಿ ಬಾಚಿ ತೆಗೆದರು. ಮೂಲೆಯಲ್ಲಿ ಉಳಿದದ್ದನ್ನು ಕೆರೆಯಲು ನನ್ನ ಹಳೇ ಉಪಕರಣವೊಂದನ್ನು ಕೇಳಿ ತೆಗೆದುಕೊಂಡು ಹೋದರು. ಒರೆಸಿ ವಾಪಸು ತಂದುಕೊಟ್ಟಾಗ ನಾನು ಅದನ್ನು ಅವರ ಕಣ್ಣೆದುರೇ ಕಸದ ಡಬ್ಬಿಗೆ ಹಾಕಿದೆ. ಫೈಬರಿನ ಧೂಳು ಹತ್ತಿ ಅವರ ಕೈ, ಕತ್ತು, ಹೊಟ್ಟೆಯೆಲ್ಲ ಕೆಂಪು ಗಂಧೆ ಎದ್ದಿತ್ತು. ಕೆರೆದುಕೊಳ್ಳುತ್ತಲೇ ಅನ್ನ ಉಣ್ಣುತ್ತಿದ್ದರು. ರಾಳದ ಅಂಟಿನ ವಾಸನೆಗೆ ನನ್ನ ರೋಗಿಗಳಿಗೆ ತಲೆನೋವು. ನಾನು ದಿನಾ ಬೈಯುತ್ತಿದ್ದೆ. ಅವರು ದಿನಾ “ನಾಳೀಕ್ ಮುಗೀತು ಡಾಕ್ಟ್ರಮ್ಮ,” ಎನ್ನುತ್ತಿದ್ದರು. ಹೊಸ ಹಲಗೆ ಕೂತು, ಅದರ ಮೇಲೆ ಗಾಜಿನ ನಾರಿನ ಬಟ್ಟೆ ಅಂಟಿ, ಒಣಗಿ, ಸುತ್ತಿಗೆ ಎಲ್ಲಿ ತಟ್ಟಿದರೂ ಟಣ್ ಎನ್ನುವ ಹೊತ್ತಿಗೆ ಮಳೆಗಾಲ ಬಂದಿತ್ತು. ಬಣ್ಣ ಮಾತ್ರ ಬಳಿಸಲಿಲ್ಲ. ತೇಪೆಗಳೆಲ್ಲ ಕಾಣುತ್ತಿದ್ದವು, ಹುಣ್ಣು ಮಾಯ್ದ ಚರ್ಮದ ಹಾಗೆ.

ಆ ವರ್ಷ ಮಳೆ ಬಂದದ್ದು ಹೇಗೆಂದು ಈ ಭಾಗದವರಿಗೆ ನೆನಪಿಸಬೇಕಿಲ್ಲ. ಒಂದು ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ಬೀದಿಯಲ್ಲಿ ಗದ್ದಲ. ಕೆರೆ ತುಂಬಿ, ಅಂಚಿನ ಲೇಔಟಿಗೆ ಎದೆಮಟ್ಟದ ನೀರು ನುಗ್ಗಿತ್ತು. ಅದು ಓನರು ಜೌಗಿಗೆ ಮಣ್ಣು ತುಂಬಿಸಿ ಮಾಡಿದ ಲೇಔಟು. ಸರ್ಕಾರದ ರಬ್ಬರ್ ದೋಣಿ ಇನ್ನೂ ಬಂದಿರಲಿಲ್ಲ. ಓನರು ಗೂಡ್ಸ್ ಆಟೋದ ಮೇಲೆ ತಮ್ಮ ದೋಣಿಯನ್ನು ಕಟ್ಟಿಸುತ್ತಿದ್ದರು. ನನ್ನನ್ನು ಕಂಡು, “ಅಲ್ಲಿರೋರೆಲ್ಲ ನಿಮ್ ಪೇಶೆಂಟ್‌ಗಳೇ ಅಲ್ವಾ? ಬನ್ನಿ, ನಂಗೆ ಎಸ್ರು ಗೊತ್ತಿಲ್ಲ,” ಎಂದರು.

ಹೋದೆ. ಅದು ಬರೀ ಮಳೆನೀರಲ್ಲ, ಪ್ರತಿ ಮನೆಯ ಕಕ್ಕಸಿನ ಗುಂಡಿಯೂ ಉಕ್ಕಿ ಬೆರೆತಿತ್ತು. ಏನೇನು ತೇಲುತ್ತಿತ್ತು ಎಂದು ಬರೆಯಲಾರೆ. ಓನರು ಹಿಂದೆ ನಿಂತು ಬಿದಿರಿನ ಗಳದಿಂದ ದೋಣಿ ತಳ್ಳುತ್ತಿದ್ದರು, ನಾನು ಮೂಗಿಗೆ ದುಪಟ್ಟಾ ಬಿಗಿದುಕೊಂಡು ಹೆಸರು ಹಿಡಿದು ಕೂಗುತ್ತಿದ್ದೆ. ಕೂಸು, ಮುದುಕರು, ಡಯಾಲಿಸಿಸ್‌ಗೆ ಹೋಗಬೇಕಾದವರು, ಒಂದು ನಾಯಿ, ಎಲ್ಲರನ್ನೂ ಸರದಿಯ ಮೇಲೆ ಒಣನೆಲಕ್ಕೆ ತಂದೆವು. ದೋಣಿ ಒಂದು ಹನಿ ನೀರು ಕುಡಿಯಲಿಲ್ಲ.

ಕೊನೆಯ ಅಡ್ಡರಸ್ತೆಯಲ್ಲಿ ನಿವೃತ್ತ ನರ್ಸ್ ಒಬ್ಬರ ಮನೆ. ಒಂಟಿ ಹೆಂಗಸು, ದುಡಿದದ್ದನ್ನೆಲ್ಲ ಹಾಕಿ ಕಟ್ಟಿದ ಮನೆ. ತಾರಸಿಯ ಮೆಟ್ಟಿಲ ಮೇಲೆ ಸೀರೆ ಎತ್ತಿ ಕಟ್ಟಿಕೊಂಡು ಕೂತಿದ್ದರು. ಕೆಳಗಿನ ಮೆಟ್ಟಿಲುಗಳು ಮುಳುಗಿದ್ದವು. ದೋಣಿ ಹತ್ತಿರ ಬಂದಾಗ ನನ್ನತ್ತ ಕೈ ಚಾಚಿದವರು, ಹಿಂದೆ ನಿಂತಿದ್ದವರ ಮುಖ ಕಂಡು ಕೈ ಹಿಂದಕ್ಕೆಳೆದುಕೊಂಡರು.

“ಇದು ಯಾರ ದೋಣಿ?”

“ಯಾರದಾದ್ರೇನಮ್ಮ, ಹತ್ತಿ,” ಎಂದೆ.

“ಇವನ ದೋಣಿಗೆ ನಾನು ಹತ್ತಲ್ಲ. ಈ ಸೈಟು ಮಾರಿದೋನು ಇವನೇ. ಇಲ್ಲಿ ನೀರು ಬರುತ್ತಾ ಅಂತ ನಾನು ಬಾಯಿಬಿಟ್ಟು ಕೇಳಿದ್ದೆ. ಈ ಜನ್ಮದಲ್ಲಿ ಬರಲ್ಲ ಅಂದಿದ್ದ. ಕೇಳಿ ಅವನನ್ನ.”

ನಾನು ತಿರುಗಿ ನೋಡಿದೆ. ಓನರು ಗಳ ಹಿಡಿದು ನಿಂತಿದ್ದರು.

“ಅಂದಿದ್ದೆ,” ಎಂದರು.

ಆಕೆ ಅವರ ಕಡೆ ಉಗುಳಿದರು. ಅದು ದೋಣಿಯ ಹೊಸ ಹಲಗೆಯ ಮೇಲೆ ಬಿತ್ತು. ಎಷ್ಟು ಬೇಡಿಕೊಂಡರೂ ಹತ್ತಲಿಲ್ಲ. ಸರ್ಕಾರದ ದೋಣಿ ಬರುವ ತನಕ ಆ ಹೊಲಸಿನ ನಡುವೆ ಹಾಗೇ ಕೂತಿದ್ದರು. ಓನರೂ ದೋಣಿಯನ್ನು ಅವರ ಗೇಟಿಗೆ ಕಟ್ಟಿ ಮಧ್ಯಾಹ್ನದವರೆಗೂ ಅಲ್ಲೇ ನಿಂತರು. ಬಹಳ ಹೊತ್ತಿನ ಮೇಲೆ ಟವಲಿನಿಂದ ಮೂಗು ಒತ್ತಿಕೊಂಡು, ನನಗೆ ಮಾತ್ರ ಕೇಳುವಂತೆ, “ಏನ್ ನಾತ ಡಾಕ್ಟ್ರಮ್ಮ,” ಎಂದರು. ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ನೀರು ಇಳಿದ ಮೇಲೆ ಮಗ ದೋಣಿ ತರಲು ಆಳು ಕಳಿಸಿದ. ಓನರು ಬಿಡಲಿಲ್ಲ. ಲೇಔಟಿನ ಪಾರ್ಕಿನಲ್ಲಿ ಅದನ್ನು ಮಗುಚಿ ಹಾಕಿಸಿ, ಅಲ್ಲಿನವರಿಗೆ, “ಇಲ್ಲೇ ಇರ್ಲಿ. ಬರೋ ಮಳೆಗೂ ಬೇಕಾಯ್ತದೆ,” ಎಂದರು. ಯಾರೂ ಧನ್ಯವಾದ ಹೇಳಲಿಲ್ಲ. ಹೇಳುವಂಥ ಮಾತೂ ಅದಾಗಿರಲಿಲ್ಲ.

ತಿಂಗಳು ಕಳೆದ ಮೇಲೆ ಅಳತೆಯವರು ಬಂದರು. ಮೇಲಿನ ಬಡಾವಣೆಗಳಿಂದ ಕೆರೆಗೆ ಹೋಗುವ ರಾಜಕಾಲುವೆ ನಮ್ಮ ಬೀದಿಯಲ್ಲಿ ಎಲ್ಲೋ ಮಾಯವಾಗಿತ್ತು. ಕೆರೆ ಉಕ್ಕಿದ್ದರ ಜೊತೆಗೆ, ಅದು ಕಟ್ಟಿಕೊಂಡದ್ದರಿಂದ ಮೇಲಿನ ನೀರೂ ದಾರಿ ತಪ್ಪಿ ಮನೆಗಳಿಗೆ ನುಗ್ಗಿತ್ತು. ಅಧಿಕಾರಿ ಹಳೇ ಊರಿನವರನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಕಾಲುವೆಯಲ್ಲಿ ಎಮ್ಮೆ ತೊಳೆದು ಬೆಳೆದವರು, “ಗೊತ್ತಿಲ್ಲ ಸಾರ್, ನಾವಾಗ ಚಿಕ್ಕೋರು,” ಎಂದರು. ಒಬ್ಬರಾದ ಮೇಲೆ ಒಬ್ಬರು ಅದೇ ಮಾತು, ಅದೇ ಹಲ್ಲುಗಿಂಜಿಕೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ ಮೈಮೇಲೆ ಹುಳ ಹರಿದಂತಾಯಿತು.

ಓನರು ಗುಂಪಿನಿಂದ ಹೊರಬಂದು, ಚಪ್ಪಲಿ ಬಿಟ್ಟು, ನೇರ ನನ್ನ ಕ್ಲಿನಿಕ್ಕಿನೊಳಗೆ ನಡೆದರು. ಅಧಿಕಾರಿಯೂ ಹಿಂದೆ ಬಂದರು, ಮಗನೂ ಬಂದ. ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದ ರೋಗಿ ಹಾಗೇ ಇದ್ದರು. ಓನರು ಆ ಕುರ್ಚಿಯ ಪಕ್ಕ ನಿಂತು ಹಿಮ್ಮಡಿಯಿಂದ ಟೈಲ್ಸಿಗೆ ಕುಟ್ಟಿದರು.

“ಇಲ್ಲಿ. ಈ ಕುರ್ಚಿ ಅಡೀಲೇ ಓಗಿತ್ತು ಕಾಲ್ವೆ. ಮುಚ್ಚಿದೋನು ನಾನೇ.”

“ಸಾರ್, ಅಪ್ಪನಿಗೆ ವಯಸ್ಸಾಯ್ತು, ಮರೆವು,” ಎಂದ ಮಗ. “ಅಪ್ಪಾ, ನಡೀರಿ ಮನೆಗೆ.”

“ಮರೆವಿದ್ದಿದ್ರೆ ನೆಮ್ಮದಿಯಾಗಿ ನಿದ್ದೆ ಬರ್ತಿತ್ತು ಕಣಪ್ಪ.”

ಅಧಿಕಾರಿ ನನ್ನ ಕಡೆ ತಿರುಗಿದರು. “ಮೇಡಮ್, ನೀವೇನಾದ್ರೂ ಗಮನಿಸಿದ್ದೀರಾ?”

ಮಗ ನನ್ನನ್ನೇ ನೋಡುತ್ತಿದ್ದ. ಇಲ್ಲ ಎಂದರೆ ನನ್ನ ಕ್ಲಿನಿಕ್ ಉಳಿಯುತ್ತಿತ್ತು. ನನ್ನ ಹೊಟ್ಟೆಪಾಡು ಆ ನಾಲ್ಕು ಗೋಡೆಗಳ ನಡುವೆಯೇ ಇತ್ತು. ಆದರೆ ಹೊರಗೆ ಹಲ್ಲುಗಿಂಜುತ್ತಿದ್ದವರ ಸಾಲಿನಲ್ಲಿ ನನ್ನ ಹಲ್ಲೂ ಕಾಣುವುದನ್ನು ನೆನೆದು ಅಸಹ್ಯವಾಯಿತು.

“ಮಳೆ ಬಂದಾಗ ನೆಲದ ಕೆಳಗೆ ನೀರು ಗುಳುಗುಳು ಅನ್ನುತ್ತೆ. ಸಿಂಕಿನಿಂದ ಕೊಳಚೆ ಉಕ್ಕುತ್ತೆ,” ಎಂದೆ.

ಕೆಡವಬೇಕಾದ ಕಟ್ಟಡವೆಂದು ಹೊರಗೋಡೆಯ ಮೇಲೆ ಕೆಂಪು ಗುರುತು ಬಿತ್ತು. ಓನರು ನನಗೆ, “ಬ್ಯಾರೆ ಜಾಗ ನೋಡ್ಕಳಿ ಡಾಕ್ಟ್ರಮ್ಮ,” ಎಂದರಷ್ಟೇ. ಕ್ಷಮೆ ಕೇಳಲಿಲ್ಲ. ನಾನು ಈಗ ಮತ್ತಿಕೆರೆಯಲ್ಲಿ, ಮೊದಲ ಮಹಡಿಯ ಇಕ್ಕಟ್ಟಾದ ಕೋಣೆಯಲ್ಲಿ ಕಾಲೇಜು ಹುಡುಗರ ಹಲ್ಲು ನೋಡುತ್ತೇನೆ. ಅದಕ್ಕಾಗಿ ಅವರನ್ನು ನಾನು ಬೈದುಕೊಂಡದ್ದು ಕಡಿಮೆಯೇನಲ್ಲ.

ಕೆಡವಿದ ದಿನ ನೋಡಲು ಹೋಗಿದ್ದೆ. ಯಂತ್ರ ನನ್ನ ನೆಲವನ್ನು ಎತ್ತಿದಾಗ ಕೆಳಗೆ ಕಪ್ಪು ನೀರು ಹೆಪ್ಪುಗಟ್ಟಿದಂತೆ ನಿಂತಿತ್ತು. ಅಡ್ಡ ಇದ್ದ ಕಾಂಕ್ರೀಟು ಕಳಚಿದ ಮೇಲೆ ಮೆಲ್ಲಗೆ ಅಲುಗಿ ಕೆರೆಯ ದಿಕ್ಕಿಗೆ ತೆವಳತೊಡಗಿತು. ಜನ ಮೊಬೈಲು ಎತ್ತಿ ಹಿಡಿದಿದ್ದರು. ಮಗ ಬಂದಿರಲಿಲ್ಲ. ಓನರು ಮಣ್ಣಿನ ಗುಡ್ಡೆಯ ಮೇಲೆ ಒಬ್ಬರೇ ನಿಂತಿದ್ದರು. ಆ ನರ್ಸಮ್ಮನೂ ಬಿಸಿಲಿಗೆ ಕೊಡೆ ಹಿಡಿದು ಬಂದಿದ್ದರು. ಅವರಿಂದ ಮಾರು ದೂರ ನಿಂತು, ಮುಖ ನೋಡದೆ ಮಾತಾಡಿದರು.

“ಆಚೆ ಇನ್ನೂ ಎರಡು ಬಿಲ್ಡಿಂಗ್ ಅಡ್ಡ ಇವೆ ಅಂತಾರೆ.”

“ಅವೆ. ಅವೂ ನಾನೇ ಕಟ್ಸಿದ್ದು.”

“ಎಲ್ಲಿ?”

“ಬನ್ನಿ, ತೋರಿಸ್ತೀನಿ.”

ಗುಡ್ಡೆಯಿಂದ ಇಳಿದು ಓನರು ಮುಂದೆ ನಡೆದರು. ಆಕೆ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಹಿಂದೆ ಹೊರಟರು. ಆ ಚಳಿಗಾಲ ಮುಗಿಯುವ ಮುಂಚೆ ಓನರು ಹೃದಯಾಘಾತದಿಂದ ತೀರಿಕೊಂಡರು. ಅವರು ತೋರಿಸಿದ ಎರಡು ಕಟ್ಟಡಗಳ ಮೇಲೂ ಆ ಹೊತ್ತಿಗೆ ಕೆಂಪು ಗುರುತು ಬಿದ್ದಿತ್ತು. ಮೊನ್ನೆ ನೋಡಿದೆ. ಗುರುತಿನ ಮೇಲೆ ಹೊಸ ಬಣ್ಣ ಹೊಡೆಸಿದ್ದಾರೆ. ಕೆಳಗೆ ಬೇಕರಿ, ಮೇಲೆ ಹುಡುಗಿಯರ ಪಿ.ಜಿ.